"ಮತ್ತು ಸಂಗಡಿಗರು" ಅಂದರ ಯಾರು?

ಪಾಮನಕಲ್ಲೂರಿಗೆ ಮಸ್ಕಿ ದೂರೇನಲ್ಲ. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ಅಶೋಕನ ಹೆಸರು ಸಿಕ್ಕಿತು. 'ದೇವಾನಾಂಪ್ರಿಯ' ಯಾರೆಂಬುದು ಖಚಿತವಾಯಿತು. ಸಂತೋಷ. ಕಲ್ಲು ಕೊರೆದವನ ಹೆಸರು ಮಾತ್ರ ಅಲ್ಲಿಲ್ಲ.

ರಾಜರ ಮಾತು ಬಿಡ್ರಿ, ನಮ್ಮ ಕರಪತ್ರ ನೋಡ್ರಿ. ಭಾಷಣಕಾರರು ದಪ್ಪಕ್ಷರದಾಗ, ಅವರ ಕೆಳಗ ಹಾಡುಗಾರ. ರಾತ್ರಿಯೆಲ್ಲಾ ಹಲಗಿ ಬಡಿದವರು "ಮತ್ತು ಸಂಗಡಿಗರು".

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಅಮೆರಿಕದ ಕಪ್ಪುಜನರ ಹೋರಾಟದಿಂದ ಹೆಸರು ತಂದರು. ಆ ಜನರ ವಾದ್ಯಗಾರರ ಪಾಡನ್ನೂ ಒಂದಿಷ್ಟು ತಿಳಿಯಬೇಕು. ಎಡ್ಡಿ ವಿಲ್ಲಿಸ್ 1936ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ. ಹತ್ತಿ ಹೊಲಗಳ ಆ ಸೀಮೆಯೇ ಬ್ಲೂಸ್ ಹಾಡಿನ ತವರು. ಡೆಟ್ರಾಯಿಟಿನ ಮೋಟೌನ್ ಕಂಪನಿಯಲ್ಲಿ ಅವನದು ಯಾರು ಹಾಡಿದರೂ ಹಿಂದೆ ಕೂತು ಗಿಟಾರ್ ನುಡಿಸುವ ಕೆಲಸ. 1961ರಲ್ಲಿ ಮಾರ್ವೆಲೆಟ್ಸ್, 1966ರಲ್ಲಿ ಸುಪ್ರೀಮ್ಸ್, 1967ರಲ್ಲಿ ಸ್ಟೀವಿ ವಂಡರ್, ಎಲ್ಲರ ಹಿಂದೆಯೂ ಅವನ ಬೆರಳಿತ್ತು. ತಂತಿಯ ದನಿ ಹರಿಯಗೊಡದೆ, ಒತ್ತಿ ಹಿಡಿದು, ಡ್ರಮ್ಮಿನ ಏಟಿಗೆ ಸರಿಯಾಗಿ ಕಡಿದು ಹೊಡೆಯುತ್ತಿದ್ದ. ನಮ್ಮ ಹಲಗಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಡು ಲೋಕ ಸುತ್ತಿತು. ತಟ್ಟೆಯ ಮೇಲೆ ಹಾಡಿದವರ ಹೆಸರಿತ್ತು, ಕಂಪನಿಯ ಹೆಸರಿತ್ತು. ಈ ವಾದ್ಯಗಾರರ ಹೆಸರು ಮೋಟೌನ್ ತಟ್ಟೆಯ ಲಕೋಟೆ ಮೇಲೆ ಬರಲು 1971ರ ಮಾರ್ವಿನ್ ಗೇ ಆಲ್ಬಮ್ಮಿನವರೆಗೆ ಕಾಯಬೇಕಾಯಿತು. ಮರುವರ್ಷವೇ ಕಂಪನಿ ಲಾಸ್ ಏಂಜಲೀಸಿಗೆ ಗಂಟುಮೂಟೆ ಕಟ್ಟಿತು. ಅವರ ಕಥೆ ಹೇಳುವ ಸಾಕ್ಷ್ಯಚಿತ್ರ ಬಂದದ್ದು 2002ರಲ್ಲಿ. ಅಷ್ಟೊತ್ತಿಗೆ ಹಲವರು ಮಣ್ಣಾಗಿದ್ದರು. ವಿಲ್ಲಿಸ್ 2018ರಲ್ಲಿ ತೀರಿಕೊಂಡ.

ಇನ್ನೊಂದು ಮಾತು. ಆ ಕಂಪನಿ ಕಟ್ಟಿದ ಬೆರಿ ಗಾರ್ಡಿಯೂ ಕಪ್ಪು ಮನುಷ್ಯನೇ. ಬಿಳಿಯರನ್ನ ಬೈದು ಈ ಲೆಕ್ಕ ಚುಕ್ತಾ ಮಾಡಾಕ ಬರೂದಿಲ್ಲ. ನಮಗೂ ಅಷ್ಟೇ. ಆ ಕರಪತ್ರ ಅಚ್ಚು ಹಾಕಿಸಿದವರು ಗೌಡರಲ್ಲ, ನಾವು.

"ನಾವೇನು ಕಂಪನಿಯೇನ್ರಿ? ಕೊಡಾಕ ರೊಕ್ಕ ಎಲ್ಲೈತಿ?" ಅಂತಾರ ಗೆಳೆಯರು. ರೊಕ್ಕದ ಮಾತು ಆಮ್ಯಾಲ ಆಡೋಣ. ಹೆಸರು ಬರಿಯಾಕ ಎಷ್ಟು ಬೇಕು? "ಜಾಗ ಸಾಲಲ್ಲ" ಅಂತಾರ. ಅಧ್ಯಕ್ಷರ ಪದವಿಗಳಿಗೆ ಎರಡು ಸಾಲು ಹೆಂಗ ಸಾಲ್ತು?

ಹೆಣದ ಮುಂದ ಬಿಟ್ಟಿ ಬಡಿಯೋದಿಲ್ಲ ಅಂತ ಹಲಗಿ ಕೆಳಗಿಟ್ಟು, ಊರಿನ ಬೈಗುಳ ತಿಂದವರು ಇವರು. ನಮ್ಮ ವೇದಿಕೆ ಅಂತ ಮತ್ತ ಎತ್ತಿಕೊಂಡರು. ಇಲ್ಲಿಯೂ ಅದು ಬಿಟ್ಟಿಯೇ ಆದರ, ಅವರು ಬಿಟ್ಟದ್ದೇನು, ನಾವು ಕಟ್ಟಿದ್ದೇನು?

ಮುಂದಿನ ಕರಪತ್ರ ಅಚ್ಚಿಗೆ ಹೋಗೋ ಮುಂಚೆ ಕೇರಿಗೆ ಹೋಗಿ ಕೇಳ್ರಿ. ಅಪ್ಪನ ಹೆಸರೂ ಸೇರಿಸಿ ಹೇಳ್ತಾರ. ಬರಕೊಳ್ರಿ.