ಶಾಬಂದ್ರಿ, ನದಾಫ್: ಎರಡೂ ಕೆಲಸದ ಹೆಸರುಗಳೇ

ನಮ್ಮ ಕಾಮರ್ಸ್ ವಿಭಾಗದ ಹಾಜರಿ ಪುಸ್ತಕದಲ್ಲಿ ಶೇಖ್ ಎಂಬ ಅಡ್ಡಹೆಸರಿನವರು ಒಂಬತ್ತು ಮಂದಿ ಇದ್ದೇವೆ. ಸರ್ ‘ಶೇಖ್’ ಎಂದು ಕರೆದರೆ ಮೂರು ಬೆಂಚು ಒಟ್ಟಿಗೆ ಎದ್ದು ನಿಲ್ಲುತ್ತದೆ. ಮುಲ್ಲಾ ನಾಲ್ವರು, ನದಾಫ್ ಮೂವರು, ಅತ್ತಾರ್ ಇಬ್ಬರು. ಶಾಬಂದ್ರಿ ಮಾತ್ರ ಒಬ್ಬನೇ. ಅವನು ಭಟ್ಕಳದವನು, ಇಲ್ಲಿ ಮಾಮುವಿನ ಮನೆಯಲ್ಲಿದ್ದು ಓದುತ್ತಿದ್ದಾನೆ. ಅವನ ಹೆಸರಿನಲ್ಲಿ ‘ಶಾ’ ಇದೆಯೆಂದು ಮೊದಲ ವಾರದಿಂದಲೇ ಎಲ್ಲರೂ ಅವನನ್ನು ‘ನವಾಬ್’ ಎನ್ನತೊಡಗಿದರು. ಯಾವುದೋ ರಾಜಮನೆತನ ಇರಬೇಕು ಎಂಬ ಲೆಕ್ಕ.

ಅದೇ ಸಮಯದಲ್ಲಿ ನದಾಫ್ ಹೆಸರಿನ ನನ್ನ ಒಬ್ಬ ಗೆಳೆಯ ಐಡಿ ಕಾರ್ಡ್ ಫಾರ್ಮಿನಲ್ಲಿ ತನ್ನ ಅಡ್ಡಹೆಸರು ಬರೆಯಲಿಲ್ಲ. ಯಾಕೋ ಎಂದು ಕೇಳಿದರೆ, ‘ಹೆಸರು ನೋಡಿದ ಕೂಡಲೇ ಗಾದಿ ಹೊಲಿಯೋರ ಮಗ ಅಂತ ನಗ್ತಾರೆ’ ಅಂದ. ಅವನ ಅಬ್ಬಾ ಕೂಡ ವಕೀಲರ ಹತ್ತಿರ ಅಫಿಡವಿಟ್ ಮಾಡಿಸಿ ಹೆಸರು ಬದಲಿಸುವ ಯೋಚನೆಯಲ್ಲಿದ್ದಾರಂತೆ. ಒಂದು ಹೆಸರಿಗೆ ನವಾಬಗಿರಿ, ಇನ್ನೊಂದಕ್ಕೆ ನಗು. ಎರಡಕ್ಕೂ ಆಧಾರವಿಲ್ಲ ಎನ್ನುವುದು ನನ್ನ ವಾದ. ಶಾಬಂದ್ರಿಯಿಂದಲೇ ಶುರು ಮಾಡುತ್ತೇನೆ.

ಈ ಹೆಸರು ಬಂದಿರುವುದು ಪಾರಸಿಯ ‘ಶಾಹ್‌ಬಂದರ್’ ಎಂಬ ಪದದಿಂದ. ‘ಬಂದರ್’ ಅಂದರೆ ಹಡಗು ನಿಲ್ಲುವ ಜಾಗ. ಕನ್ನಡದಲ್ಲಿ ನಾವು ಬಂದರು ಎನ್ನುವುದೂ ಅದೇ ಪದ. ಮಂಗಳೂರಿನ ಬಂದರ್, ಇರಾನಿನ ಬಂದರ್ ಅಬ್ಬಾಸ್, ಎಲ್ಲವೂ ಒಂದೇ ಬೇರಿನವು. ಇನ್ನು ‘ಶಾಹ್’ ಅಂದರೆ ಬಾದಶಹ ಎಂಬುದು ನಿಜವಾದರೂ ಬೇರೆ ಪದದ ಮುಂದೆ ಸೇರಿದಾಗ ಅದರ ಅರ್ಥ ‘ಮುಖ್ಯವಾದದ್ದು’ ಎಂದಷ್ಟೇ ಆಗುತ್ತದೆ. ಉರ್ದು ಮಾತನಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತಿನ ದೊಡ್ಡ ನರಕ್ಕೆ ಶಹರಗ್ ಅನ್ನುತ್ತೇವೆ, ಹೆದ್ದಾರಿಗೆ ಶಾಹರಾಹ್, ಹಳೆಯ ಮನೆಯ ಮಾಡಿನ ದೊಡ್ಡ ತೊಲೆಗೆ ಶಹತೀರ್. ತೊಲೆಯನ್ನು ಯಾರೂ ನವಾಬ ಎನ್ನುವುದಿಲ್ಲ. ಹಾಗೆಯೇ ಶಾಹ್‌ಬಂದರ್ ಅಂದರೆ ಬಂದರಿನ ರಾಜ ಅಲ್ಲ, ಬಂದರಿನ ಮುಖ್ಯಾಧಿಕಾರಿ. ಕೊನೆಯ ‘ಈ’ ಅಕ್ಷರ ‘ಅದಕ್ಕೆ ಸೇರಿದ’ ಎಂಬುದನ್ನು ಸೂಚಿಸುತ್ತದೆ. ಬಿಜಾಪುರಿ, ಬುಖಾರಿ ಎನ್ನುವಂತೆ ಶಾಹ್‌ಬಂದರಿ. ಮಾತಿನಲ್ಲಿ ಸವೆದು ಶಾಬಂದ್ರಿ.

ಈ ಅಧಿಕಾರಿಯ ಕೆಲಸ ಏನಿತ್ತು ಎಂಬುದು ಕಾಮರ್ಸಿನವರಾದ ನಮಗೆ ಪಠ್ಯಪುಸ್ತಕಕ್ಕಿಂತ ರುಚಿಯಾದ ವಿಷಯ. 500 ವರ್ಷಗಳ ಹಿಂದೆ ಇಂದಿನ ಮಲೇಷ್ಯಾದಲ್ಲಿರುವ ಮಲಾಕಾ ದೊಡ್ಡ ಬಂದರು. 1511ರಲ್ಲಿ ಪೋರ್ಚುಗೀಸರು ಅದನ್ನು ಗೆದ್ದುಕೊಂಡರು. ಮರುವರ್ಷ ಅಲ್ಲಿಗೆ ಬಂದ ತೋಮೆ ಪಿರೆಸ್ ಎಂಬ ಪೋರ್ಚುಗೀಸ್ ಔಷಧ ವ್ಯಾಪಾರಿ ಅಲ್ಲಿನ ವ್ಯವಸ್ಥೆಯನ್ನು ಬರೆದಿಟ್ಟಿದ್ದಾನೆ. (ನಮ್ಮ ಕಡೆ ಹುಟ್ಟಿದ್ದರೆ ಅವನ ಅಡ್ಡಹೆಸರು ಅತ್ತಾರ್ ಆಗುತ್ತಿತ್ತು.) ಅವನ ಪ್ರಕಾರ ಮಲಾಕಾದಲ್ಲಿ ಒಬ್ಬರಲ್ಲ, ನಾಲ್ವರು ಶಾಹ್‌ಬಂದರರು. ಗುಜರಾತಿ ವ್ಯಾಪಾರಿಗಳಿಗೇ ಒಬ್ಬ. ಕೋರಮಂಡಲ, ಬಂಗಾಳ, ಪೆಗು ಮುಂತಾದ ಕಡೆಯವರಿಗೆ ಒಬ್ಬ. ಜಾವಾ ಮತ್ತು ಸುತ್ತಲಿನ ದ್ವೀಪದವರಿಗೆ ಮತ್ತೊಬ್ಬ. ಚೀನಾ ಕಡೆಯವರಿಗೆ ಇನ್ನೊಬ್ಬ. ಹಡಗು ಬಂದ ಕೂಡಲೇ ನಾಖುದಾ, ಅಂದರೆ ಹಡಗಿನ ಯಜಮಾನ, ತನ್ನ ಕಡೆಯ ಶಾಹ್‌ಬಂದರನ ಬಳಿ ಹೋಗಬೇಕು. ಅವನು ಇವನನ್ನು ಮಂತ್ರಿಯ ಮುಂದೆ ಹಾಜರುಪಡಿಸುತ್ತಾನೆ, ಸರಕು ಇಡಲು ಗೋದಾಮು ಕೊಡಿಸುತ್ತಾನೆ, ಉಳಿಯಲು ಜಾಗ ನೋಡುತ್ತಾನೆ, ಸರಕು ಹೊರಲು ಆನೆಗಳನ್ನೂ ಕೊಡಿಸುತ್ತಾನೆ. ತೂಕ, ಅಳತೆ, ನಾಣ್ಯ ಸರಿಯಿದೆಯೇ ನೋಡುವುದು, ಸುಂಕದ ಲೆಕ್ಕ, ನಾಖುದಾನಿಗೂ ವ್ಯಾಪಾರಿಗೂ ಜಗಳವಾದರೆ ಬಿಡಿಸುವುದು ಇವೂ ಶಾಹ್‌ಬಂದರನ ಪಾಲಿಗೇ ಬರುತ್ತಿದ್ದವು. ಸಾಗಣೆ, ಉಗ್ರಾಣ ಎಂದೆಲ್ಲ ಬಿಸಿನೆಸ್ ಸ್ಟಡೀಸಿನಲ್ಲಿ ನಾವು ಬೇರೆ ಬೇರೆಯಾಗಿ ಓದುವುದನ್ನು ಒಬ್ಬನೇ ನಿಭಾಯಿಸುತ್ತಿದ್ದ. ಪರಭಾಷೆಯ ನೂರಾರು ವ್ಯಾಪಾರಿಗಳು ನಂಬಬೇಕಾದ ಮನುಷ್ಯ ಅವನು. ಅವನ ತಕ್ಕಡಿ ಸುಳ್ಳಾದರೆ ಮುಂದಿನ ವರ್ಷ ಹಡಗು ಬೇರೆ ಬಂದರಿಗೆ ಹೋಗುತ್ತಿತ್ತು.

ನಮ್ಮ ಪಶ್ಚಿಮ ಕರಾವಳಿಯಲ್ಲೂ ಈ ಹುದ್ದೆ ಇತ್ತು. 14ನೇ ಶತಮಾನದಲ್ಲಿ ಕಲ್ಲಿಕೋಟೆಗೆ ಬಂದ ಇಬ್ನ್ ಬತೂತಾ ಅಲ್ಲಿನ ವ್ಯಾಪಾರಿಗಳ ಮುಖ್ಯಸ್ಥ ಬಹರೈನ್ ಮೂಲದ ಇಬ್ರಾಹಿಂ ಶಾಹ್‌ಬಂದರ್ ಎಂದೂ, ವ್ಯಾಪಾರಿಗಳೆಲ್ಲ ಅವನ ದಸ್ತರ್‌ಖಾನಿನಲ್ಲಿ ಸೇರಿ ಊಟ ಮಾಡುತ್ತಿದ್ದರೆಂದೂ ಬರೆದಿದ್ದಾನೆ. ಅದೇ ಪ್ರವಾಸದಲ್ಲಿ ಅವನು ನಮ್ಮ ಹೊನ್ನಾವರವನ್ನೂ ನೋಡಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ದಾಖಲಿಸಿದ್ದಾನೆ. ವಿಷಯ ಸ್ವಲ್ಪ ದಾರಿ ತಪ್ಪಿತು, ಆದರೆ ‘ಹುಡುಗಿಯರಿಗೆ ಓದು ಯಾಕೆ’ ಎನ್ನುವವರಿಗೆ ಹೇಳಲು ಇದನ್ನು ನೆನಪಿಟ್ಟುಕೊಳ್ಳಿ.

ಹೊನ್ನಾವರದಿಂದ ದಕ್ಷಿಣಕ್ಕೆ ಅದೇ ಕರಾವಳಿಯಲ್ಲಿ ಭಟ್ಕಳ. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಅದೂ ಒಂದು. ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಟು ಹೋರ್ಮುಜ್ ಸೇರುತ್ತಿತ್ತು. ಅಲ್ಲಿಂದ ಕುದುರೆ, ಮುತ್ತು ಬರುತ್ತಿತ್ತು. ಮುಂದೆ ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲೂ ಈ ಕರಾವಳಿ ವ್ಯಾಪಾರದಿಂದಲೇ ಬದುಕಿತು. ಅರಬ್ ವ್ಯಾಪಾರಿಗಳ ಜೊತೆ ನಂಟಿರುವ ನವಾಯತರು ಭಟ್ಕಳದವರು. ಅವರ ಮನೆಮಾತು ನವಾಯತಿ, ಕೊಂಕಣಿಯ ಬುಡಕ್ಕೆ ಅರಬ್ಬಿ, ಪಾರಸಿ ಪದಗಳು ಸೇರಿದ ಭಾಷೆ. ನಮ್ಮ ಶಾಬಂದ್ರಿ ಫೋನಿನಲ್ಲಿ ತನ್ನ ತಾಯಿಯೊಂದಿಗೆ ಮಾತನಾಡುವಾಗ ದಖನಿ ಉರ್ದುವಿನ ನಮಗೆ ಅರ್ಧವೂ ತಿಳಿಯುವುದಿಲ್ಲ. ಶಾಬಂದ್ರಿ ಎಂಬ ಅಡ್ಡಹೆಸರು ಉಳಿದಿರುವುದು ಈ ನವಾಯತ ಕುಟುಂಬಗಳಲ್ಲಿ. ಅವರು ದುಡಿಯಲು ಹೋದ ಬೆಂಗಳೂರು, ಮುಂಬೈ, ದುಬೈಗಳಲ್ಲೂ ಈ ಹೆಸರು ಕಾಣುತ್ತದೆ. ಹುಬ್ಬಳ್ಳಿಯಂಥ ಒಳನಾಡಿನಲ್ಲಿ ಅಪರೂಪವಾಗುವುದಕ್ಕೆ ಕಾರಣ ಸರಳ. ಹಡಗೇ ಬರದ ಊರಿನಲ್ಲಿ ಶಾಹ್‌ಬಂದರನಿಗೆ ಏನು ಕೆಲಸ?

ದೇಶದ ಹೊರಗೂ ಈ ಹೆಸರು ಇದೆ. ಫ್ರೆಂಚರ ವಿರುದ್ಧ ಸಿರಿಯಾದಲ್ಲಿ 1925ರಲ್ಲಿ ಎದ್ದ ಬಂಡಾಯದ ನಾಯಕರಲ್ಲಿ ಒಬ್ಬರು ಡಾಕ್ಟರ್ ಅಬ್ದುಲ್ ರಹಮಾನ್ ಶಾಹ್‌ಬಂದರ್. ಅವರನ್ನು 1940ರಲ್ಲಿ ದಮಾಸ್ಕಸ್‌ನಲ್ಲಿ ಕೊಲ್ಲಲಾಯಿತು. ಬಾಗ್ದಾದಿನ ಪುಸ್ತಕದ ಬೀದಿ ಮುತನಬ್ಬಿಯಲ್ಲಿ 1917ರಿಂದ ಇರುವ ಚಹಾದಂಗಡಿಯ ಹೆಸರು ಶಾಬಂದರ್. 2007ರ ಬಾಂಬಿಗೆ ಅದು ಕುಸಿದು, ಮಾಲೀಕರ ಮಕ್ಕಳೇ ಸತ್ತರು. ಆದರೂ ಅಂಗಡಿ ಮತ್ತೆ ಬಾಗಿಲು ತೆರೆಯಿತು. ತುರ್ಕಿಯ ಉಸ್ಮಾನಿ ಸರ್ಕಾರ ಹೊರದೇಶಗಳಲ್ಲಿ ಇಡುತ್ತಿದ್ದ ತನ್ನ ಪ್ರತಿನಿಧಿಯನ್ನು ‘ಶೆಹ್‌ಬೆಂದರ್’ ಎನ್ನುತ್ತಿತ್ತು. ಇಂಡೋನೇಷ್ಯಾದಲ್ಲಂತೂ ಇದು ಅಡ್ಡಹೆಸರಲ್ಲ, ಇವತ್ತಿಗೂ ಸರ್ಕಾರಿ ಹುದ್ದೆ. ಬಂದರು ಅಧಿಕಾರಿಯನ್ನು ಅಲ್ಲಿ ‘ಸ್ಯಾಹ್‌ಬಂದರ್’ ಎಂದೇ ಕರೆಯುತ್ತಾರೆ. ನಮ್ಮ ಗೆಳೆಯನ ಅಡ್ಡಹೆಸರನ್ನು ಅಲ್ಲಿ ಹೇಳಿದರೆ ನವಾಬ ಎನ್ನುವುದಿಲ್ಲ, ಹಡಗು ಯಾವಾಗ ಬಿಡುತ್ತದೆ ಎಂದು ಕೇಳುತ್ತಾರೆ.

ಅಂದಮೇಲೆ ಶಾಬಂದ್ರಿ ಒಂದು ಕೆಲಸದ ಹೆಸರು. ನದಾಫ್ ಕೂಡ ಕೆಲಸದ ಹೆಸರು. ಅರಬ್ಬಿಯಲ್ಲಿ ‘ನದ್ದಾಫ್’ ಎಂದರೆ ಅರಳೆ ಹಿಂಜುವವ. ಅದನ್ನೇ ನಮ್ಮಲ್ಲಿ ಪಿಂಜಾರ ಅನ್ನುತ್ತಾರೆ. ಬಿಲ್ಲಿನ ದಾರ ಮೀಟಿ ಗಂಟುಗಟ್ಟಿದ ಅರಳೆಯನ್ನು ಮೋಡದಂತೆ ಬಿಡಿಸುವ ಆ ಕೆಲಸವನ್ನು ನನ್ನ ದಾದಿ ಈಗಲೂ ನೆನೆಯುತ್ತಾರೆ. ಬಿಲ್ಲಿನ ಸದ್ದು ಕೇಳಿದರೆ ಓಣಿಯ ಹೆಂಗಸರೆಲ್ಲ ಹಳೆಯ ಗಾದಿ ಹೊತ್ತು ಹೊರಗೆ ಬರುತ್ತಿದ್ದರಂತೆ. ಆಮೇಲೆ ಮಷೀನು ಬಂತು, ಫೋಮ್ ಬಂತು, ಬಿಲ್ಲು ಅಟ್ಟ ಸೇರಿತು.

ಈಗ ಒಂದು ಪ್ರಶ್ನೆ. ಕ್ರಿ.ಶ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಹಲ್ಲಾಜ್ ಅವರ ಹೆಸರು ಉರ್ದು ಶಾಯರಿ ಕೇಳುವ ಎಲ್ಲರಿಗೂ ಗೊತ್ತು. ‘ಹಲ್ಲಾಜ್’ ಅಂದರೆ ಏನು? ಅದೂ ಅರಳೆ ಹಿಂಜುವವನೇ! ಮುಶಾಯಿರಾದಲ್ಲಿ ಹಲ್ಲಾಜ್ ಹೆಸರು ಬಂದರೆ ವಾಹ್ ವಾಹ್ ಎನ್ನುವ ನಾವು ಅದೇ ಅರ್ಥದ ಹೆಸರು ಪಕ್ಕದ ಬೆಂಚಿನಲ್ಲಿ ಕೂತಿದ್ದರೆ ನಗುತ್ತೇವೆ. ಫರೀದುದ್ದೀನ್ ಅತ್ತಾರ್ ಮಹಾಕವಿ, ಹೆಸರಿನ ಅರ್ಥ ಅತ್ತರು, ಔಷಧ ಮಾರುವವ. 9ನೇ ಶತಮಾನದ ಹನಫಿ ವಿದ್ವಾಂಸ ಇಮಾಂ ಖಸ್ಸಾಫ್ ವಕ್ಫ್ ಕಾನೂನಿನ ಬಗ್ಗೆ ಗ್ರಂಥ ಬರೆದವರು. ‘ಖಸ್ಸಾಫ್’ ಅಂದರೆ ಚಪ್ಪಲಿ ಹೊಲಿಯುವವ. ಸುಮಾರು 1600ರಲ್ಲಿ ಕೈರೋ ನಗರದಲ್ಲಿ ವ್ಯಾಪಾರಿಗಳ ಶಾಹ್‌ಬಂದರ್ ಆಗಿದ್ದ ಇಸ್ಮಾಯಿಲ್ ಎಂಬ ಶ್ರೀಮಂತನ ಮನೆತನದ ಹೆಸರು ಅಬು ತಾಕಿಯಾ. ‘ತಾಕಿಯಾ’ ಎಂದರೆ ಟೋಪಿ. ಕೈರೋದ ವ್ಯಾಪಾರಿಗಳ ಮುಖ್ಯಸ್ಥನಾದ ಮೇಲೂ ಅವನು ಟೋಪಿಯ ಹೆಸರಿನಲ್ಲೇ ಗುರುತಾದ.

ಕನ್ನಡ ತರಗತಿಯಲ್ಲಿ ನಾವು ಓದುವ ವಚನಕಾರರ ಹೆಸರುಗಳನ್ನು ನೋಡಿ: ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಿದೇವ, ನೂಲುವ ಕದಿರ ರೆಮ್ಮವ್ವೆ. 800 ವರ್ಷ ದಾಟಿದರೂ ದೋಣಿ, ಬಿದಿರು, ಹಗ್ಗ, ಬಟ್ಟೆ, ಕದಿರು ಅವರ ಹೆಸರಿಗೆ ಅಂಟಿಕೊಂಡೇ ಇವೆ. ಯಾವ ಮೇಷ್ಟರೂ ಪಾಠ ಮಾಡುವಾಗ ಅದನ್ನು ಮುಚ್ಚಿಡುವುದಿಲ್ಲ.

ಇದಕ್ಕೆ ಒಂದು ಎದುರು ವಾದವಿದೆ, ಅದು ಸಣ್ಣದಲ್ಲ. ‘ಹೆಸರು ನಮಗೆ ಹೆಮ್ಮೆ ತರಬಹುದು, ಆದರೆ ಎದುರಿನವರು ಅದನ್ನು ಜಾತಿ ಅಳೆಯಲು ಬಳಸಿದರೆ? ಹೊರೆ ಹೊರುವವನಿಗೆ ಇಳಿಸುವ ಹಕ್ಕಿಲ್ಲವೇ?’ ಎಂದು ಗೆಳೆಯ ಕೇಳಿದ. ಇದೆ. ಅವನು ಹೆಸರು ಬಿಡಬಾರದು ಎಂದು ಹೇಳಲು ಶೇಖ್ ಆದ ನಾನು ಯಾರು? ನನ್ನ ಹೆಸರು ಕೇಳಿ ಯಾರೂ ನಕ್ಕಿಲ್ಲ. ಆದರೆ ಹೆಸರು ಬಿಟ್ಟರೂ ಪ್ರಶ್ನೆ ಬಿಡುವುದಿಲ್ಲ. ನಿಕಾಹ್ ಮಾತುಕತೆಯಲ್ಲಿ ಹುಡುಗ ಏನು ಓದಿದ್ದಾನೆ ಎಂದು ಕೇಳುವ ಮೊದಲೇ ‘ಕೌನ್ಸೇ ಲೋಗಾಂ?’ ಎಂಬ ಮಾತು ಬರುತ್ತದೆ. ಜುಮಾ ನಮಾಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವೇ ಮಸೀದಿಯ ಮೆಟ್ಟಿಲು ಇಳಿದು ಇದನ್ನು ಕೇಳುತ್ತೇವೆ. ಹೊರಗಿನವರು ನಮ್ಮನ್ನು ಸಮಾನವಾಗಿ ನೋಡುತ್ತಿಲ್ಲ ಎಂದು ದೂರುವ ಮೊದಲು ಇದಕ್ಕೂ ಉತ್ತರ ಕೊಡಬೇಕು. ಬದಲಾಗಬೇಕಾದದ್ದು ನಗುವವರು. ಗೆಳೆಯನ ಅಂಕಪಟ್ಟಿ ಅಲ್ಲ.

ಒಂದು ವ್ಯಾವಹಾರಿಕ ಮಾತೂ ಇದೆ. ನದಾಫ್, ಪಿಂಜಾರ ಸಮುದಾಯ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಎಂದಾದರೆ ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ಎಷ್ಟು ಕಚೇರಿ ಅಲೆಯಬೇಕು ಎಂಬುದು ಒಂದು ಅಕ್ಷರ ವ್ಯತ್ಯಾಸಕ್ಕೇ ಅಲೆದವರಿಗೆ ಗೊತ್ತು. ಬದಲಿಸುವುದೇ ಆದರೆ ಎಲ್ಲ ಕಡೆ ಒಟ್ಟಿಗೆ ಬದಲಿಸಬೇಕು. ಸಿಟ್ಟಿನಲ್ಲಿ ಒಂದು ಫಾರ್ಮಿನಲ್ಲಿ ಬಿಟ್ಟುಬಿಡುವುದು ಜಾಣತನವಲ್ಲ.

ಪ್ರಾಂಶುಪಾಲರಲ್ಲಿ ಮತ್ತು ಗುರುಗಳಲ್ಲಿ ನನ್ನದೊಂದು ವಿನಂತಿ. ಹಾಜರಿ ಕರೆಯುವಾಗ ಅಡ್ಡಹೆಸರಿನ ಮೇಲೆ ಯಾರಾದರೂ ತಮಾಷೆ ಮಾಡಿದರೆ ದಯವಿಟ್ಟು ನಗಬೇಡಿ. ನೀವು ಮುಗುಳ್ನಕ್ಕರೆ ಹಿಂದಿನ ಬೆಂಚಿಗೆ ಅದೇ ಪರವಾನಗಿ. ಸ್ನೇಹಿತರೇ, ನಿಮ್ಮಲ್ಲೂ ಒಂದು ಕೋರಿಕೆ. ಮನೆಯಲ್ಲಿ ದಾದಾ, ನಾನಿ ಇದ್ದರೆ ನಿಮ್ಮ ಅಡ್ಡಹೆಸರಿನ ಕೆಲಸ ಏನೆಂದು ಕೇಳಿ, ಬರೆದು ತನ್ನಿ. ಬಾಗವಾನ್, ಕಿಲ್ಲೇದಾರ್, ಖತೀಬ್, ಹಕೀಮ್, ಇನಾಮದಾರ್, ಎಲ್ಲರೂ. ಈ ಪತ್ರಿಕೆಯ ಸಂಪಾದಕ ಮಂಡಳಿ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಕೊಡಲು ಒಪ್ಪಿದೆ. ಶಾಬಂದ್ರಿ ಆಗಲೇ ತನ್ನ ಅಜ್ಜನಿಗೆ ಫೋನ್ ಮಾಡಿದ್ದಾನೆ.

ಐಡಿ ಕಾರ್ಡ್ ಫಾರ್ಮ್ ತಿದ್ದಿಕೊಡಲು ಶನಿವಾರ ಕೊನೆಯ ದಿನ. ನದಾಫ್ ಗೆಳೆಯ ಇನ್ನೂ ನಿರ್ಧಾರ ಮಾಡಿಲ್ಲ. ಅವನು ಏನೇ ಬರೆದರೂ ಆ ಹೆಸರಿನಿಂದಲೇ ಅವನನ್ನು ಕರೆಯುತ್ತೇನೆ ಎಂದು ಅವನಿಗೆ ಹೇಳಿದ್ದೇನೆ.