ಕಾಯಿಲೆ ಬಿದ್ದ ನರ್ಸ್‌ಗಳಿಗೂ ಭದ್ರತೆ ಬೇಕು



2020ರ ಏಪ್ರಿಲ್‌ನಲ್ಲಿ ಮುಂಬೈ ಸೆಂಟ್ರಲ್‌ನ ವೊಕಾರ್ಡ್ ಆಸ್ಪತ್ರೆಯ 26 ನರ್ಸ್‌ಗಳಿಗೂ ಮೂವರು ವೈದ್ಯರಿಗೂ ಕೋವಿಡ್ ತಗುಲಿ, ಮಹಾನಗರ ಪಾಲಿಕೆ ಇಡೀ ಆಸ್ಪತ್ರೆಯನ್ನು ಸೀಲ್‌ಡೌನ್ ಮಾಡಿದ್ದನ್ನು ಮರೆಯುವಂತಿಲ್ಲ. ಆರೈಕೆ ಮಾಡಿದವರೇ ಹಾಸಿಗೆ ಹಿಡಿದರು. ಡೊಂಬಿವಲಿಯ ನಮ್ಮ ಕಟ್ಟಡದ ನರ್ಸ್ ಒಬ್ಬರು ಗುಣವಾಗಿ ಬಂದ ಮೇಲೂ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ನೆರೆಯವರು ಅವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕೋವಿಡ್ ಕಾಲದಲ್ಲಿ ಆರೋಗ್ಯ ಸಿಬ್ಬಂದಿಗೆಂದು ಕೇಂದ್ರ ಸರಕಾರ ತಂದ 50 ಲಕ್ಷ ರೂಪಾಯಿ ವಿಮೆ ಇದ್ದದ್ದು ಮೃತರ ಕುಟುಂಬಕ್ಕೆ, ಬದುಕುಳಿದು ಬಳಲಿದವರಿಗಲ್ಲ. ಮತ್ತೊಂದು ಸಾಂಕ್ರಾಮಿಕ ಬರುವ ಮುನ್ನ, ಗುತ್ತಿಗೆ ನೌಕರರೂ ಸೇರಿದಂತೆ ಎಲ್ಲ ಆರೋಗ್ಯ ಸಿಬ್ಬಂದಿಗೆ ಸಂಬಳಸಹಿತ ರಜೆ, ಉಚಿತ ಚಿಕಿತ್ಸೆ ಕಾನೂನಿನಲ್ಲೇ ಖಾತ್ರಿಯಾಗಲಿ. ಅಂದು ಅವರಿಗಾಗಿ ಚಪ್ಪಾಳೆ ತಟ್ಟಿದ ನಾವೆಲ್ಲರೂ ಇದಕ್ಕೆ ದನಿಗೂಡಿಸಬೇಕು.

– ಓದುಗರೊಬ್ಬರು, ಡೊಂಬಿವಲಿ