ಹುಳುಕಿಲ್ಲದೆ ಬಿದ್ದ ಹಲ್ಲು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



ನನ್ನ ಮೇಜಿನ ಮೇಲೆ ಹಳೇ ಕುಂಕುಮದ ಡಬ್ಬಿಯೊಂದಿದೆ. ಅದರೊಳಗೆ ಇರುವುದು ನಮ್ಮವ್ವನ ಹಲ್ಲು. ಹನ್ನೆರಡು ವರ್ಷದ ಹಿಂದೆ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ತಾನೇ ಕಿತ್ತು ನನ್ನ ಅಂಗೈಗೆ ಹಾಕಿದ್ದಳು. "ನೋಡ್ಲಾ, ಒಂದು ಹುಳುಕಿಲ್ಲ. ಇದ್ಯಾಕೆ ಬಿತ್ತು?" ಎಂದು ಕೇಳಿದ್ದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. "ವಯಸ್ಸಾಯ್ತಲ್ಲವ್ವ" ಎಂದುಬಿಟ್ಟೆ.

ಅದು ತಪ್ಪು ಉತ್ತರ. ಹಲ್ಲಿನ ಮೇಲ್ಭಾಗ ಈಗಲೂ ಬೆಳ್ಳಗೆ, ಗಟ್ಟಿಯಾಗಿದೆ. ಆದರೆ ಬೇರಿನ ಸುತ್ತ, ಅರ್ಧಕ್ಕಿಂತ ಕೆಳಗಿನವರೆಗೂ, ಕಂದುಗಪ್ಪು ಬಣ್ಣದ ಒರಟು ಪದರವೊಂದು ಮೆತ್ತಿಕೊಂಡಿದೆ. ಉಗುರಲ್ಲಿ ಕೆರೆದರೆ ಏಳುವುದಿಲ್ಲ. ಹಲ್ಲು ಚೆನ್ನಾಗಿಯೇ ಇತ್ತು. ಅದನ್ನು ಹಿಡಿದುಕೊಂಡಿದ್ದ ವಸಡು ಮತ್ತು ಮೂಳೆ ಕೈಬಿಟ್ಟಿದ್ದವು.

ಉಳಿದ ಹಲ್ಲುಗಳೂ ಅದೇ ದಾರಿ ಹಿಡಿದವು. ಆಮೇಲೆ ಸರ್ಕಾರದ 'ದಂತಭಾಗ್ಯ' ಯೋಜನೆಯಲ್ಲಿ ಅವ್ವನಿಗೆ ಕಟ್ಟಿಸಿದ ಹಲ್ಲಿನ ಸೆಟ್ಟು ಬಂತು, ಒಂದು ಪೈಸೆ ಖರ್ಚಿಲ್ಲದೆ. ಆ ಉಪಕಾರವನ್ನು ಮರೆಯುವವನಲ್ಲ. ಆದರೆ ಸೆಟ್ಟು ಈಗ ಕಿಟಕಿ ಗೂಡಿನಲ್ಲಿ ಸ್ಟೀಲ್ ಲೋಟದ ನೀರಿನಲ್ಲಿ ಮುಳುಗಿ ಕೂತಿದೆ. ಮದುವೆಗೋ ಗೃಹಪ್ರವೇಶಕ್ಕೋ ಹೊರಟಾಗ ಬಾಯಿಗೇರುತ್ತದೆ, ಒಡವೆಯ ಹಾಗೆ. ಹಲ್ಲು ಹೋದ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ವಸಡಿನ ಕಾಯಿಲೆಯಿಂದಲೇ ಹಲ್ಲು ಹೋಗಿದ್ದರೆ ಮೂಳೆ ಮೊದಲೇ ಕರಗಿರುತ್ತದೆ, ಕೆಳಗಿನ ಸೆಟ್ಟು ಕೂರುವುದಕ್ಕೆ ದಿಬ್ಬವೇ ಸಿಗುವುದಿಲ್ಲ. ಮುದ್ದೆಗೆ ಹಲ್ಲು ಬೇಕಿಲ್ಲ, ಆದ್ದರಿಂದ ಅವ್ವನ ಹೊಟ್ಟೆಗೆ ತೊಂದರೆಯಾಗಿಲ್ಲ. ಚಕ್ಕುಲಿಯನ್ನು ಮಾತ್ರ ಕಾಫಿಯಲ್ಲಿ ಅದ್ದಿ, ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಕೊಂಡು ತಿನ್ನುತ್ತಾಳೆ.

2014ರಲ್ಲಿ ಶುರುವಾದ ಆ ದಂತಭಾಗ್ಯ ಯೋಜನೆ ಮೊದಲು 60 ದಾಟಿದ ಬಿಪಿಎಲ್ ಕಾರ್ಡಿನವರಿಗೆಂದು ಇತ್ತು. ಆಮೇಲೆ ವಯಸ್ಸನ್ನು 45ಕ್ಕೆ ಇಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಇಳಿಸಿದ್ದಾರೆ. ಆದರೆ ಆ ಅಂಕಿಯನ್ನು ಇನ್ನೊಂದು ಸಲ ಓದಿ. 45ಕ್ಕೆ ಹಲ್ಲಿನ ಸೆಟ್ಟು ಬೇಕಾಗುವವರು ನಮ್ಮ ರಾಜ್ಯದಲ್ಲಿದ್ದಾರೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತಲ್ಲ?

ಇದೇ ಅಂಕಿ ನನಗೆ ಇನ್ನೊಂದು ಕಡೆಯೂ ಸಿಕ್ಕಿತು. ಹೆರಾಲ್ಡ್ ಲೋ ಎಂಬ ದಂತವಿಜ್ಞಾನಿ ಮತ್ತು ಅವರ ಜೊತೆಗಾರರು 1970ರಿಂದ 15 ವರ್ಷ ಶ್ರೀಲಂಕಾದ ಟೀ ತೋಟಗಳ 480 ಮಂದಿ ತಮಿಳು ಕೂಲಿಕಾರರ ಬಾಯಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಆ ಕಾರ್ಮಿಕರು ಬ್ರಷ್ ಹಿಡಿದವರಲ್ಲ, ಹಲ್ಲಿನ ಡಾಕ್ಟರ ಮುಖ ಕಂಡವರಲ್ಲ. ವಸಡಿನ ಉರಿಯೂತ ಎಲ್ಲರಿಗೂ ಇತ್ತು. ಆದರೂ ನೂರಕ್ಕೆ 11 ಮಂದಿಯಲ್ಲಿ ರೋಗ ಅದಕ್ಕಿಂತ ಆಳಕ್ಕೆ ಇಳಿಯಲಿಲ್ಲ. 81 ಮಂದಿಯಲ್ಲಿ ನಿಧಾನವಾಗಿ ಇಳಿಯಿತು. ಉಳಿದ 8 ಮಂದಿಗೆ 45 ತುಂಬುವ ಹೊತ್ತಿಗೆ ಬಾಯಿ ಬರಿದಾಗಿತ್ತು. ಯಾರು ಆ ಎಂಟರಲ್ಲಿದ್ದಾರೆ ಎಂಬುದು ಮುಖ ನೋಡಿದರೆ ತಿಳಿಯುವುದಿಲ್ಲ, ಬಾಯಿ ತೆರೆಸಿ ನೋಡಬೇಕು.

ಅದೇ ಲೋ ಅವರು ಡೆನ್ಮಾರ್ಕಿನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸರಳ. ವಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜತೊಡಗಿದರು, ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಮೊದಲ ಹಂತದಲ್ಲೇ ಹಿಡಿದರೆ ಈ ಕಾಯಿಲೆಗೆ ಬೇಕಾದದ್ದು ಮೆತ್ತನೆ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು, ಎರಡು ನಿಮಿಷ. ರಾತ್ರಿ ಮಲಗುವ ಮುಂಚೆಯೂ ಉಜ್ಜಬೇಕು, ಬ್ರಷ್ಷಿನ ಕೂದಲು ಹಲ್ಲು ಮತ್ತು ವಸಡು ಕೂಡುವ ಗೆರೆಗೆ ಓರೆಯಾಗಿ ತಾಗಬೇಕು. ನಮ್ಮ ಕಡೆಯ ಬೇವಿನ ಕಡ್ಡಿಯನ್ನು ನಾನು ಹಳಿಯುವುದಿಲ್ಲ, ಆದರೆ ಅದು ಹಲ್ಲಿನ ಸಂದಿಗೆ ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಮಾತ್ರ ಬೇಡವೇ ಬೇಡ.

ಹಾಗೇ ಬಿಟ್ಟರೆ ಏನಾಗುತ್ತದೆ? ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೀವೂ ಕಂಡಿರುತ್ತೀರಿ. ಬಾಯಲ್ಲೂ ಅದೇ ಕತೆ. ಹಲ್ಲಿಗೆ ಅಂಟುವ ಮೆತ್ತನೆ ಪಾಚಿಗೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಕಲ್ಲುಗಟ್ಟುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ನಾಲಗೆ ಆಡಿಸಿದರೆ ಅದು ಸಿಗುತ್ತದೆ. ಎಂಜಲು ಬರುವ ನಾಳದ ಬಾಯಿ ಅಲ್ಲೇ ಹತ್ತಿರದಲ್ಲಿದೆ. ಇದಕ್ಕೆ ಬ್ರಷ್ಷು ನಾಟುವುದಿಲ್ಲ. ಇದರ ಮೇಲೆ ಹೊಸ ಪಾಚಿ ಕೂರುತ್ತದೆ, ವಸಡು ಹಲ್ಲಿನಿಂದ ಬಿಡಿಸಿಕೊಂಡು ಜೇಬಿನಂತಾಗುತ್ತದೆ, ಒಳಗೊಳಗೇ ಮೂಳೆ ಕರಗುತ್ತದೆ. ಅಲ್ಲಿಯವರೆಗೂ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲದ ಕಾಯಿಲೆಗೆ ಕೂಲಿ ಬಿಟ್ಟು ಆಸ್ಪತ್ರೆಗೆ ಬರುವವರು ಯಾರು?

ನನ್ನನ್ನೇ ನೋಡಿ. ಉಜ್ಜುವಾಗ ಉಗುಳಿನಲ್ಲಿ ರಕ್ತ ಕಂಡು, ಬ್ರಷ್ಷು ಚುಚ್ಚಿರಬೇಕೆಂದು ಆ ಜಾಗವನ್ನೇ ಬಿಟ್ಟು ಉಜ್ಜುತ್ತಿದ್ದೆ. ಮಾಡಬೇಕಾದದ್ದು ಅದರ ತದ್ವಿರುದ್ಧ, ಅಲ್ಲೇ ಮೆತ್ತಗೆ ಇನ್ನೂ ಚೆನ್ನಾಗಿ ಉಜ್ಜಬೇಕಿತ್ತು. ಬಾಯಿ ವಾಸನೆಗೆ ಏಲಕ್ಕಿ ಅಗಿದೆ. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿಟ್ಟಾಗ ಅದೃಷ್ಟ ಎಂದರು ಮನೆಯವರು. ವಸಡು ಇಳಿದು ಹಲ್ಲು ಉದ್ದ ಕಂಡಾಗ ನಾನೇ ವಯಸ್ಸು ಎಂದುಕೊಂಡೆ. ನನ್ನ ಗೆಳೆಯನೊಬ್ಬನಿಗೆ ರಕ್ತವೂ ಬರುತ್ತಿರಲಿಲ್ಲ, ಏಕೆಂದರೆ ಅವನು ಬೀಡಿ ಸೇದುತ್ತಿದ್ದ. ಹೊಗೆ ವಸಡಿನ ರಕ್ತ ಒಸರುವುದನ್ನು ಮರೆಮಾಚುತ್ತದೆ, ರೋಗವನ್ನು ಹೆಚ್ಚಿಸುತ್ತದೆ.

ಕೊನೆಗೊಂದು ದಿನ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಹೋದೆ. ಹಲ್ಲಿನ ಡಾಕ್ಟರಿದ್ದರು, ಕುರ್ಚಿಯಿತ್ತು, ಕ್ಲೀನ್ ಮಾಡುವ ಯಂತ್ರವೂ ಇತ್ತು, ಬಟ್ಟೆ ಹೊದ್ದುಕೊಂಡು. ತುದಿ ಮುರಿದಿದೆ, ಬರೆದು ಕಳಿಸಿದ್ದೇವೆ ಎಂದರು. ಹೊರಗೆ ಹಲ್ಲು ಕೀಳಿಸಿಕೊಳ್ಳಲು ಬಂದವರ ಸಾಲು ಬಾಗಿಲು ದಾಟಿತ್ತು. ಆ ಡಾಕ್ಟರನ್ನು ನಾನು ದೂರುವುದಿಲ್ಲ. ಅಲ್ಲಾಡುವ ಹಲ್ಲು ಕೀಳಲು ಐದು ನಿಮಿಷ, ಒಂದು ಬಾಯಿ ಕ್ಲೀನ್ ಮಾಡಲು ಮುಕ್ಕಾಲು ಗಂಟೆ. ಒಬ್ಬರೇ ಇರುವಾಗ ಅವರ ಬೆಳಗು ಯಾವುದಕ್ಕೆ ಹೋಗುತ್ತದೆಂದು ಲೆಕ್ಕ ಹಾಕಲು ಗಣಿತ ಮೇಷ್ಟ್ರು ಬೇಕಿಲ್ಲ.

ನನಗೆ ಪಿಂಚಣಿಯಿದೆ, ಬಸ್ಸು ಹತ್ತಿ ಡೆಂಟಲ್ ಕಾಲೇಜಿಗೆ ಹೋದೆ. ಅಲ್ಲಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಗೆರೆ ಗುರುತಿದ್ದ ಸಣ್ಣ ಕಡ್ಡಿಯೊಂದನ್ನು ಒಂದೊಂದು ಹಲ್ಲಿನ ಸುತ್ತ ಆರು ಕಡೆ ಇಳಿಸಿ ಅಳೆದಳು. "ಎರಡು, ಮೂರು, ಎರಡು. ಐದು, ನಾಲ್ಕು, ಆರು..." ಎಂದು ಕೂಗುತ್ತಿದ್ದಳು, ಪಕ್ಕದ ಹುಡುಗ ಬರೆದುಕೊಳ್ಳುತ್ತಿದ್ದ. ಮೂರು ಮಿಲಿಮೀಟರಿನವರೆಗೆ ಸರಿ, ಅದರಾಚೆ ರೋಗ. ಜೀವಮಾನವಿಡೀ ಮಕ್ಕಳ ಅಂಕ ಕೂಗಿ ಬರೆಸಿದವನು ಬಾಯಿ ತೆರೆದುಕೊಂಡು, ಏಳು ಎಂದಾಗಲೆಲ್ಲ ಬೆವರುತ್ತಿದ್ದೆ. ಮೊದಲು ಮೇಲಿನ ಕಲ್ಲು ತೆಗೆದರು. ಆಮೇಲೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬಾಯಿಯನ್ನು ನಾಲ್ಕು ಭಾಗ ಮಾಡಿ, ನಾಲ್ಕು ಸಲ ಕರೆಸಿ ವಸಡಿನ ಒಳಗಿನ ಬೇರು ಕೆರೆದರು. ಎರಡು ತಿಂಗಳು ಬಿಟ್ಟು ಮತ್ತೆ ಅಳೆದು, ಇನ್ನೂ ಆಳವಿದ್ದ ಒಂದು ಕಡೆ ವಸಡು ಬಿಡಿಸಿ ಸ್ವಚ್ಛ ಮಾಡಿ ಹೊಲಿಗೆ ಹಾಕಿದರು. ಒಂದು ದವಡೆ ಹಲ್ಲು ಉಳಿಯಲಿಲ್ಲ. ಕರಗಿದ ಮೂಳೆ ಬಹುಪಾಲು ವಾಪಸ್ಸು ಬರುವುದಿಲ್ಲ ಎಂದೂ ಹೇಳಿದರು. ಇರುವುದನ್ನು ಕಾಪಾಡಲು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಊರಲ್ಲಿ ಎಲ್ಲರೂ ಹೆದರಿಸಿದ್ದರು. ಸಡಿಲವಾಗಿದ್ದ ಹಲ್ಲನ್ನು ಕಲ್ಲು ಅವುಚಿಕೊಂಡಿತ್ತು, ಅಷ್ಟೇ. ಮೆಡಿಕಲ್ ಸ್ಟೋರಿನ ಮಾತ್ರೆಯಿಂದಾಗಲಿ, ಟಿವಿ ಜಾಹೀರಾತಿನ ಪೇಸ್ಟಿನಿಂದಾಗಲಿ ಆ ಕಲ್ಲು ಕರಗುವುದಿಲ್ಲ.

ಈಗ ನಿಮಗೆ ಸಂಬಂಧಿಸಿದ ಮಾತಿಗೆ ಬರುತ್ತೇನೆ. ನಾನು ಸಕ್ಕರೆ ಕಾಯಿಲೆಯವನು. ತಿಂಗಳಿಗೊಮ್ಮೆ, ಬಿಪಿ, ಶುಗರ್ ಥರದ ಅಂಟದ ಕಾಯಿಲೆಗಳಿಗಿರುವ ಎನ್‌ಸಿಡಿ ಕ್ಲಿನಿಕ್ಕಿನಿಂದ ಮೆಟ್‌ಫಾರ್ಮಿನ್ ತರುತ್ತೇನೆ. ಶುಗರ್ ಹೆಚ್ಚಿದ್ದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ. ವಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ, ಕೆಲವು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರು ಹೇಳಿದ್ದಾರೆ. ಆ ಕ್ಲಿನಿಕ್ಕಿನ ಸಾಲಿನಲ್ಲಿ ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುವವರೂ ನಿಂತಿರುತ್ತಾರೆ; ಆ ಮಾತ್ರೆಯಿಂದ ಕೆಲವರಿಗೆ ವಸಡು ಬೆಳೆದು ಹಲ್ಲಿನ ಮೇಲೆ ಏರುತ್ತದೆ. ಇಷ್ಟಿದ್ದರೂ ನನ್ನನ್ನು ಒಂದು ದಿನವೂ ಆ ಕ್ಲಿನಿಕ್ಕಿನಲ್ಲಿ ಯಾರೂ ಬಾಯಿ ತೆರೆಯಿರಿ ಎಂದಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಕೂಡ ಬಾಯಿ ಬಿಡಿಸಿ ಹಲ್ಲು ನೋಡದೆ ದುಡ್ಡು ಬಿಚ್ಚುವುದಿಲ್ಲ.

ಹೊಸ ಭಾಗ್ಯವೊಂದನ್ನು ಘೋಷಿಸಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ 'ಗೃಹ ಆರೋಗ್ಯ' ಯೋಜನೆಯವರು ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ, ಬಾಯಿ ಕ್ಯಾನ್ಸರಿನ ಲಕ್ಷಣ ವಿಚಾರಿಸುತ್ತಾರೆ. ಹೇಗೂ ಬಾಯಿಯ ವಿಚಾರ ಬಂದಾಗ ಟಾರ್ಚು ಬಿಟ್ಟು ವಸಡನ್ನೂ ನೋಡಿ, ಉಜ್ಜುವಾಗ ರಕ್ತ ಬರುತ್ತದೆಯೇ, ಹಲ್ಲು ಅಲ್ಲಾಡುತ್ತದೆಯೇ ಎಂದು ಎರಡು ಪ್ರಶ್ನೆ ಕೇಳಲಿ. ಬಸುರಿಯರನ್ನೂ ಕೇಳಲಿ, ಆ ತಿಂಗಳುಗಳಲ್ಲಿ ವಸಡು ಊದುವುದು ಹೆಚ್ಚು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನ ಕ್ಲೀನ್ ಮಾಡುವುದಕ್ಕೇ ಮೀಸಲಾಗಲಿ. ಜನ ಎಲ್ಲಿ ಎನ್ನಬೇಡಿ. ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ವರ್ಷವರ್ಷವೂ ಇಂಟರ್ನ್‌ಗಳು ಹೊರಬರುತ್ತಾರೆ. ನನ್ನ ಹಲ್ಲಿನ ಜೇಬು ಅಳೆದದ್ದು ಅಂಥದೇ ಒಂದು ಕೈ. ಮತ್ತೆ, ಯಂತ್ರಗಳ ಮುರಿದ ತುದಿಗಳಿಗೆ ಬದಲಿಯನ್ನು ದಯವಿಟ್ಟು ಬೇಗ ಕಳಿಸಿ.

ಲೆಕ್ಕ ಇಡುವ ರೀತಿಯೂ ಬದಲಾಗಲಿ. ಕಟ್ಟಿಸಿಕೊಟ್ಟ ಸೆಟ್ಟು ಎಷ್ಟು ಎಂಬ ಪಟ್ಟಿಯ ಪಕ್ಕದಲ್ಲೇ, ವಸಡಿಗೆ ಚಿಕಿತ್ಸೆ ಪಡೆದವರು ಎಷ್ಟು ಮಂದಿ ಎಂಬ ಕಾಲಂ ಒಂದನ್ನು ಎಳೆಯಿರಿ.

ಮುಂದಿನ ಮಂಗಳವಾರ ನನ್ನ ಮಾತ್ರೆಯ ದಿನ. ಯಾರಾದರೂ ಬಾಯಿ ತೆರೆಯಿರಿ ಎಂದಾರು ಎಂದು ಚೆನ್ನಾಗಿ ಉಜ್ಜಿಕೊಂಡೇ ಹೋಗುತ್ತೇನೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕ, ತುಮಕೂರು ಜಿಲ್ಲೆ